ಅಪ್ಪ ಅಮ್ಮನನ್ನು ಮೊದಲ ಸಲ ಬೆಂಗಳೂರಿಗೆ ಕರೆತರುತ್ತಿದ್ದೇನೆ. ಇಡೀ ದಿನಕ್ಕೆ ಕಾರು ಮಾಡಬೇಕಾ?

ಎರಡು ದಿನ, ಹನ್ನೆರಡು ಜಾಗ, ಜೊತೆಗೆ ಅಪ್ಪ ಅಮ್ಮ. ಇಡೀ ದಿನಕ್ಕೆ ಕಾರು ಮಾಡೋದಾ, ಬೇಕಾದಾಗ ಓಲಾ ಕರೆಯೋದಾ ಅಂತ ಕೇಳಿದ್ದೀರಿ. ನಿಮ್ಮ ಪಟ್ಟಿ ಓದುವಾಗ 2019ರ ಸೆಪ್ಟೆಂಬರ್‌ನಲ್ಲಿ ನಾನು ಬರೆದುಕೊಂಡಿದ್ದ ಚೀಟಿ ಕಣ್ಣೆದುರು ಬಂತು. ಬೆಳಗ್ಗೆ ಇಸ್ಕಾನ್, ಮಧ್ಯಾಹ್ನ ಬನ್ನೇರುಘಟ್ಟ, ಸಂಜೆ ವಿಧಾನಸೌಧ. ನಿಮ್ಮ ಮೊದಲ ದಿನವೂ ಇದೇ ಕ್ರಮದಲ್ಲಿದೆ.

ನಮ್ಮದು ಹಾವೇರಿ ಜಿಲ್ಲೆ. ಅಪ್ಪ ಪ್ರೈಮರಿ ಶಾಲೆ ಮಾಸ್ತರರಾಗಿದ್ದರು. ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ್ದು, ಕೆಂಗಲ್ ಹನುಮಂತಯ್ಯನವರು ಹಠ ಹಿಡಿದು ಕಟ್ಟಿಸಿದ್ದು, 1956ರಲ್ಲಿ ಮುಗಿದದ್ದು, ಎಲ್ಲವನ್ನೂ ಮೂವತ್ತು ವರ್ಷ ಮಕ್ಕಳಿಗೆ ಹೇಳಿದವರು. ಆದರೆ ಒಂದು ಸಲವೂ ಕಣ್ಣಾರೆ ನೋಡಿರಲಿಲ್ಲ. ನೌಕರಿ, ಹೊಲ, ನಮ್ಮ ಓದು, ಇದರಲ್ಲೇ ವರ್ಷಗಳು ಕಳೆದಿದ್ದವು. ರಿಟೈರ್ ಆದ ಮೇಲೆ ನಾನು ಹಠ ಮಾಡಿ ಹೊರಡಿಸಿದೆ. ಬೆಂಗಳೂರಲ್ಲಿ ಏನು ನೋಡಬೇಕು ಅಂತ ಕೇಳಿದಾಗ ಅವರು ಹೇಳಿದ್ದು ಒಂದೇ. ವಿಧಾನಸೌಧದ ಮುಂದೆ ನಿಂತು, ಮೇಲೆ ಬರೆದಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಅನ್ನೋ ಸಾಲನ್ನು ಓದಬೇಕು. ಅಷ್ಟೇ.

ಅದನ್ನು ನಾನು ಪಟ್ಟಿಯ ಕೊನೆಗೆ ಹಾಕಿದೆ. ಭಾನುವಾರ ಸಂಜೆ ಅಲ್ಲಿ ದೀಪ ಹಾಕುತ್ತಾರೆ, ಝಗಮಗ ಬೆಳಕಿನಲ್ಲೇ ನೋಡಲಿ ಅನ್ನೋ ಆಸೆ. ರಾತ್ರಿ ಒಂಬತ್ತಕ್ಕೆ ಆನಂದರಾವ್ ಸರ್ಕಲ್ ಹತ್ತಿರದಿಂದ ವಾಪಸ್ ಬಸ್ಸು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆದರೂ ಓದಿ, ಯಾಕೆಂದರೆ ನೀವೂ ಇದನ್ನೇ ಮಾಡಿದ್ದೀರಿ ಅಂತ ನಿಮ್ಮ ಪಟ್ಟಿಯ ನಿಮಿಷಗಳನ್ನು ನೋಡಿದರೆ ಗೊತ್ತಾಗುತ್ತೆ. ಹೊರಡುವ ಮುಂಚೆ ಊರಲ್ಲಿ ಕೂತು, ಎಲ್ಲ ಕೆಲಸ ಮುಗಿಸಿ, ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಮ್ಯಾಪ್ ತೆಗೆದೆ. ಬನ್ನೇರುಘಟ್ಟದಿಂದ ವಿಧಾನಸೌಧಕ್ಕೆ ಸುಮಾರು 25 ಕಿಲೋಮೀಟರ್, 45 ನಿಮಿಷ ಅಂತ ತೋರಿಸಿತು. ಬರೆದುಕೊಂಡೆ. ಆ 45 ನಿಮಿಷ ಸುಳ್ಳಲ್ಲ. ಆದರೆ ಅದು ರಾತ್ರಿ ಹನ್ನೊಂದರ ರಸ್ತೆಯ ಲೆಕ್ಕ. ಮ್ಯಾಪ್ ಸುಮ್ನೆ ತೆರೆದರೆ ಆ ಕ್ಷಣಕ್ಕೆ ರಸ್ತೆ ಹೇಗಿದೆಯೋ ಅದನ್ನು ಹೇಳುತ್ತೆ, ನೀವು ಹೋಗುವ ಹೊತ್ತಿನದ್ದನ್ನಲ್ಲ. ಹೊರಡುವ ದಿನ, ಗಂಟೆ ಹಾಕಿ ನೋಡುವ ಆಯ್ಕೆ ಅದರಲ್ಲೇ ಇದೆ. ಅದನ್ನು ಹಾಕಿದರೆ ‘ಇಷ್ಟರಿಂದ ಇಷ್ಟು ನಿಮಿಷ’ ಅಂತ ಎರಡು ಅಂಕಿ ಕೊಡುತ್ತೆ. ಎರಡರಲ್ಲಿ ದೊಡ್ಡದನ್ನು ನಂಬಿ. ಮಳೆಗಾಲವಾದರೆ ಅದಕ್ಕೂ ಅರ್ಧ ಗಂಟೆ ಸೇರಿಸಿ. ನಾನು ಇದ್ಯಾವುದನ್ನೂ ಮಾಡಲಿಲ್ಲ. ನಮ್ಮೂರಲ್ಲಿ ದೂರ ಅಂದರೆ ಕಿಲೋಮೀಟರ್. ಬೆಂಗಳೂರಲ್ಲಿ ದೂರ ಅಂದರೆ ಎಷ್ಟು ಗಂಟೆಗೆ ಹೊರಟಿರಿ ಅನ್ನೋದು. ಬೆಳಗ್ಗೆ ಆರಕ್ಕೆ ಹತ್ತಿರ ಇದ್ದ ಜಾಗ ಸಂಜೆ ಆರಕ್ಕೆ ದೂರ ಆಗಿರುತ್ತೆ.

ಸಫಾರಿ ಮುಗಿಸಿ ಬನ್ನೇರುಘಟ್ಟ ಬಿಟ್ಟಾಗ ಐದು ಕಾಲು. ಭಾನುವಾರ ಅಲ್ಲಿಗೆ ಹೋದವರೆಲ್ಲ ಒಂದೇ ಹೊತ್ತಿಗೆ ಒಂದೇ ರಸ್ತೆಯಲ್ಲಿ ವಾಪಸ್ ಬರುತ್ತಾರೆ. ಅದರ ಮೇಲೆ ಮಳೆ. ಅರೆಕೆರೆ ಹತ್ತಿರ ಕಾರು ನಿಂತೇ ಬಿಟ್ಟಿತು. ಆಗ ಡ್ರೈವರ್ ಹೇಳಿದರು, ‘ಸಾರ್, ಒಳಗಿಂದ ಜಯನಗರಕ್ಕೆ ಬಿಡ್ತೀನಿ. ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ವಿಧಾನಸೌಧ ಸ್ಟೇಷನ್‌ನಲ್ಲಿ ಇಳೀರಿ. ಏಳಕ್ಕೆಲ್ಲ ಅಲ್ಲಿರ್ತೀರಿ.’ ನಾನು ಬೇಡ ಅಂದೆ. ಬ್ಯಾಗುಗಳಿವೆ, ಅವ್ವನಿಗೆ ಮೊಣಕಾಲು ನೋವು, ದಿನದ ಬಾಡಿಗೆ ಕೊಟ್ಟ ಕಾರು ಬಿಟ್ಟು ಮೆಟ್ರೊ ಯಾಕೆ ಅನ್ನಿಸಿತು. ಮೆಟ್ರೊ ಸ್ಟೇಷನ್‌ನಲ್ಲಿ ಲಿಫ್ಟ್ ಇರುತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

ರಿಚ್‌ಮಂಡ್ ಸರ್ಕಲ್ ಮುಟ್ಟಿದಾಗ ಎಂಟು ದಾಟಿತ್ತು. ಬಲಕ್ಕೆ ವಿಧಾನಸೌಧ, ಎಡಕ್ಕೆ ಬಸ್ಸು. ನಾನು ಏನೂ ಹೇಳುವ ಮೊದಲೇ ಅಪ್ಪ ಹೇಳಿದರು, ‘ಬಸ್ಸಿಗೆ ನಡಿಯಪಾ. ಅದೇನು ಎಲ್ಲೂ ಓಡಿ ಹೋಗಂಗಿಲ್ಲ, ಮುಂದಿನ ಸಲ ನೋಡಿದ್ರಾತು.’ ರಾತ್ರಿಯೆಲ್ಲ ಬಸ್ಸಿನಲ್ಲಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕಾರೂ ಬೇಡ, ಓಲಾವೂ ಬೇಡ. ಮೊದಲು ಆ ಪಟ್ಟಿಯನ್ನು ಬಿಡಿ. ಕಾರು ಯಾವುದಾದರೂ ನಿಲ್ಲುವುದು ಅದೇ ಸಿಗ್ನಲ್‌ನಲ್ಲಿ. ಹನ್ನೆರಡು ಜಾಗ ಇಟ್ಟುಕೊಂಡರೆ ಅಪ್ಪ ಅಮ್ಮ ನೋಡುವುದು ಕಾರಿನ ಕಿಟಕಿಯನ್ನು ಮಾತ್ರ. ಒಂದು ದಿನಕ್ಕೆ ಊರಿನ ಒಂದೇ ಭಾಗ ಇಟ್ಟುಕೊಳ್ಳಿ. ಅವರು ತುಂಬಾ ಆಸೆಪಟ್ಟ ಜಾಗ ಮೊದಲ ದಿನದ ಬೆಳಗ್ಗೆಯೇ ಆಗಲಿ. ಕೊನೆಗೆ ಇಡಬೇಡಿ, ದಯವಿಟ್ಟು.

ಲಾಡ್ಜ್ ಹುಡುಕುವಾಗ ಮೆಟ್ರೊ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ ಇದೆಯಾ ಅಂತ ಮಾತ್ರ ನೋಡಿ. ಉಳಿದದ್ದೆಲ್ಲ ಆಮೇಲೆ. ಊರಿಂದ ಬಸ್ಸಿನಲ್ಲಿ ಬರುವವರು ಸುಮ್ನೆ ಮೆಜೆಸ್ಟಿಕ್ ತನಕ ಕೂತಿರುತ್ತಾರೆ, ಗೊತ್ತಿರೋದು ಅದೊಂದೇ ಹೆಸರು ಅಂತ. ತುಮಕೂರು ರಸ್ತೆಯಿಂದ ಬರುವುದಾದರೆ ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಯಶವಂತಪುರ ಎಲ್ಲ ಕಡೆ ಹಸಿರು ಮಾರ್ಗದ ಸ್ಟೇಷನ್‌ಗಳಿವೆ. ಮೈಸೂರು ಕಡೆಯವರಿಗೆ ಕೆಂಗೇರಿಯಲ್ಲಿ ನೇರಳೆ ಮಾರ್ಗ. ಭಾನುವಾರ ಮಾತ್ರ ಮೆಟ್ರೊ ಏಳು ಗಂಟೆಗೆ ಶುರು, ಅದು ನೆನಪಿರಲಿ. ಅಮ್ಮನ ಆಧಾರ್ ಕಾರ್ಡ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. 2023ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಿಟಿ ಬಸ್ಸು ಉಚಿತ, ಎಸಿ ಬಸ್ಸಿಗೆ ಮಾತ್ರ ಟಿಕೆಟ್ ತೆಗೆಯಬೇಕು.

ನನ್ನನ್ನು ಕೇಳಿದರೆ ಒಂದು ದಿನ ವಿಧಾನಸೌಧದ ಸುತ್ತ. ಎದುರಿಗೇ ಕೆಂಪು ಬಣ್ಣದ ಅಠಾರ ಕಚೇರಿ, ಅಂದರೆ ಹೈಕೋರ್ಟ್. ಅದರ ಹಿಂದೆ ಕಬ್ಬನ್ ಪಾರ್ಕ್. ಭಾನುವಾರ ಪಾರ್ಕಿನ ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ವಯಸ್ಸಾದವರು ನಿಧಾನವಾಗಿ ನಡೆಯಬಹುದು. 2025ರಿಂದ ವಿಧಾನಸೌಧದ ಒಳಗೂ ಗೈಡ್ ಜೊತೆ ನೋಡುವ ವ್ಯವಸ್ಥೆ ಮಾಡಿದ್ದಾರೆ. ಎಲ್ಲ ದಿನ ಇರುವುದಿಲ್ಲ, ದಿನ ನೋಡಿಕೊಂಡು ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ತೆಗೆಯಿರಿ.

ಇನ್ನೊಂದು ದಿನ ಲಾಲ್‌ಬಾಗ್ ಮತ್ತು ಬಸವನಗುಡಿ. ಲಾಲ್‌ಬಾಗ್‌ಗೆ ಅದರದ್ದೇ ಮೆಟ್ರೊ ಸ್ಟೇಷನ್ ಇದೆ. ಬೆಳಗ್ಗೆ ಬೇಗ ಹೋಗಿ. ಹೂವು, ಗಾಜಿನ ಮನೆ ಎಲ್ಲರೂ ನೋಡುತ್ತಾರೆ. ನೀವು ಆ ದೊಡ್ಡ ಬಂಡೆ ಹತ್ತಿ. 300 ಕೋಟಿ ವರ್ಷದ ಹಳೆಯ ಕಲ್ಲು ಅದು, ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಅಲ್ಲಿಂದ ಗಾಂಧಿ ಬಜಾರ್‌ಗೆ ಆಟೊದಲ್ಲಿ ಸ್ವಲ್ಪವೇ ದೂರ. ವಿದ್ಯಾರ್ಥಿ ಭವನದಲ್ಲಿ ದೋಸೆ (ಶುಕ್ರವಾರ ರಜೆ), ಆಮೇಲೆ ದೊಡ್ಡ ಬಸವಣ್ಣನ ಗುಡಿ. ಮಧ್ಯಾಹ್ನ ರೂಮಿಗೆ ಹೋಗಿ ಮಲಗಿ. ನಿಜವಾಗಿ ಹೇಳುತ್ತಿದ್ದೇನೆ, ಸಂಜೆ ಐದರಿಂದ ಎಂಟರ ತನಕ ರಸ್ತೆಗೆ ಇಳಿಯಲೇಬೇಡಿ. ಬನ್ನೇರುಘಟ್ಟ ಈ ಸಲಕ್ಕೆ ಬೇಡ. ಪ್ರಾಣಿ ನೋಡಲೇಬೇಕು ಅಂದರೆ ಅದಕ್ಕೇ ಒಂದು ಪೂರ್ತಿ ದಿನ ಕೊಡಿ, ಮಂಗಳವಾರ ಮುಚ್ಚಿರುತ್ತೆ.

ನಾನು 2021ರಲ್ಲಿ ಕೆಲಸಕ್ಕೆ ಅಂತ ಇಲ್ಲಿಗೇ ಬಂದೆ. ಮಾರನೇ ವರ್ಷ ಅಪ್ಪನನ್ನು ಕರೆಸಿಕೊಂಡೆ. ಬೆಳಗ್ಗೆ ಎಂಟಕ್ಕೆಲ್ಲ ಮೆಟ್ರೊದಲ್ಲಿ ಹೋಗಿ ವಿಧಾನಸೌಧದ ಮುಂದೆ ನಿಂತೆವು. ಅಷ್ಟರಲ್ಲಿ ಅವರ ಕಣ್ಣಿಗೆ ಗ್ಲಾಕೋಮಾ ಬಂದಿತ್ತು. ಕಟ್ಟಡ ಕಾಣಿಸುತ್ತಿತ್ತು, ಮೆಟ್ಟಿಲು, ಕಂಬ ಕಾಣಿಸುತ್ತಿದ್ದವು. ಅಕ್ಷರ ಕಾಣಿಸಲಿಲ್ಲ. ‘ನೀನು ಓದು’ ಅಂದರು. ನಾನು ಓದಿದೆ. ‘ಇನ್ನೊಮ್ಮೆ, ದೊಡ್ಡಕ ಓದು’ ಅಂದರು, ಶಾಲೆಯಲ್ಲಿ ಹೇಳುತ್ತಿದ್ದ ಹಾಗೇ. ದೊಡ್ಡದಾಗಿಯೇ ಓದಿದೆ.

ಯಾವ ಊರಿನಿಂದ, ಯಾವ ವಾರ ಬರುತ್ತಿದ್ದೀರಿ ಅಂತ ತಿಳಿಸಿ. ಎಲ್ಲಿ ಇಳಿಯಬೇಕು, ಯಾವ ಸ್ಟೇಷನ್ ಹತ್ತಿರ ರೂಮು ನೋಡಬೇಕು ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಅಪ್ಪ ಅಮ್ಮನಿಗೆ ಇವತ್ತೇ ಫೋನ್ ಮಾಡಿ, ಇಬ್ಬರನ್ನೂ ಬೇರೆ ಬೇರೆಯಾಗಿ, ಏನು ನೋಡಬೇಕು ಅಂತ ಕೇಳಿ.