ಬಿದ್ದವನಿಗೆ ಪೆನಾಲ್ಟಿ, ನಿಂತವನಿಗೆ ಏನು?

ಮಂಡ್ಯದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅವರ ಮಗ ಒಂಬತ್ತನೇ ಕ್ಲಾಸು, ಶಾಲೆಯ ಫುಟ್‌ಬಾಲ್ ತಂಡದಲ್ಲಿ ಫಾರ್ವರ್ಡ್. ಈಚೆಗೆ ಒಂದು ಟೂರ್ನಿಯಲ್ಲಿ, ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್ ಒಳಗೆ ಡಿಫೆಂಡರ್ ಅವನ ಅಂಗಿ ಹಿಡಿದು ಎಳೆದ, ಕಾಲಿಗೂ ಒದ್ದ. ಹುಡುಗ ಬೀಳಲಿಲ್ಲ. ತೂರಾಡುತ್ತಲೇ ಚೆಂಡು ಹೊಡೆದ, ಅದು ಹೊರಗೆ ಹೋಯಿತು. ರೆಫ್ರಿ ಸುಮ್ಮನಿದ್ದರು. ಸ್ವಲ್ಪ ಹೊತ್ತಿಗೆ ಎದುರು ತಂಡದವನು ಯಾರೂ ಮುಟ್ಟದಿದ್ದರೂ ಬಿದ್ದು ಹೊರಳಾಡಿದ. ವಿಷಲ್ ಊದಿತು, ಪೆನಾಲ್ಟಿ ಸಿಕ್ಕಿತು, ಅದೇ ಗೋಲಿನಲ್ಲಿ ಪಂದ್ಯ ಹೋಯಿತು. ಕೆಲವು ಪೋಷಕರು ಮೈದಾನಕ್ಕೆ ನುಗ್ಗಿ ರೆಫ್ರಿಯನ್ನು ಸುತ್ತುವರಿದರು. ಆಮೇಲೆ ಕೋಚ್ ಹುಡುಗನಿಗೆ, ‘ಬಾಕ್ಸ್ ಒಳಗೆ ಮುಟ್ಟಿದ್ರೆ ಬಿದ್ಬಿಡಬೇಕು ಕಣೋ, ಅಷ್ಟೂ ಗೊತ್ತಾಗಲ್ವಾ?’ ಅಂದರಂತೆ.

ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ರೆಫ್ರಿ ಬೇಕಂತಲೇ ಹಾಗೆ ಮಾಡಿದರಾ? ಇಷ್ಟೆಲ್ಲ ಕ್ಯಾಮೆರಾ ಬಂದರೂ ಡೈವ್, ಅಂದರೆ ಫೌಲ್ ಆದಂತೆ ನಟಿಸಿ ಬೀಳುವುದು, ಯಾಕೆ ನಿಲ್ಲುತ್ತಿಲ್ಲ? ಮಗನಿಗೆ ನಾನು ಏನು ಹೇಳಲಿ?

ಸಂಪಾದಕರ ಉತ್ತರ:

ಮಾನ್ಯರೇ,

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ರೆಫ್ರಿ ಬೇಕಂತಲೇ ಮಾಡಿದರು ಅನ್ನಲು ನಿಮ್ಮ ಪತ್ರದಲ್ಲಿ ಒಂದು ಕಾರಣವೂ ಇಲ್ಲ, ಸಿಟ್ಟು ಮಾತ್ರ ಇದೆ. ನೀವು ಅವರ ಹೆಸರು, ಊರು ಎಲ್ಲ ಬರೆದಿದ್ದೀರಿ. ಅದನ್ನು ನಾವು ಅಚ್ಚು ಹಾಕುವುದಿಲ್ಲ. ಅವತ್ತು ಸರಿಯಾದ ಲೈನ್ಸ್‌ಮನ್ ಇರಲಿಲ್ಲ, ಎರಡೂ ತಂಡದ ಬದಲಿ ಹುಡುಗರ ಕೈಗೆ ಬಾವುಟ ಕೊಟ್ಟು ನಿಲ್ಲಿಸಿದ್ದರು ಅಂತಲೂ ನೀವೇ ಬರೆದಿದ್ದೀರಿ. ಕ್ರಿಕೆಟ್ಟಿನಲ್ಲಿ ಮೈದಾನದೊಳಗೆ ಇಬ್ಬರು ಅಂಪೈರ್, ಟಿವಿ ಮುಂದೆ ಇನ್ನೊಬ್ಬರು, ಶಿಸ್ತು ನೋಡಿಕೊಳ್ಳಲು ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಅವರಂಥ ಮ್ಯಾಚ್ ರೆಫ್ರಿ. ಅವತ್ತು ನಿಮ್ಮ ಮೈದಾನದಲ್ಲಿ ಅಷ್ಟೂ ಕೆಲಸವನ್ನು ಒಬ್ಬರೇ ಮಾಡಿದ್ದಾರೆ, ಅದೂ ಓಡುತ್ತಾ.

ಒಳ್ಳೆಯ ಲೈನ್ಸ್‌ಮನ್ ಇದ್ದರೂ ತಪ್ಪುತ್ತದೆ. 1986ರ ವಿಶ್ವಕಪ್, ಮೆಕ್ಸಿಕೊದ ಅಜ್ಟೆಕಾ ಮೈದಾನ, ಅರ್ಜೆಂಟೀನಾ–ಇಂಗ್ಲೆಂಡ್ ಕ್ವಾರ್ಟರ್ ಫೈನಲ್. ಮರಡೋನಾ ಕೈಯಿಂದ ಚೆಂಡು ತಳ್ಳಿ ಗೋಲು ಹೊಡೆದ ಕತೆ ನಿಮಗೆ ಗೊತ್ತಿರುತ್ತದೆ. ರೆಫ್ರಿ ಟುನೀಶಿಯಾದ ಅಲಿ ಬೆನ್ನಾಸರ್. ಅವರಿಗೆ ಕೈ ಕಾಣಲಿಲ್ಲ. ಬಲ್ಗೇರಿಯಾದ ಲೈನ್ಸ್‌ಮನ್ ಬೊಗ್ದಾನ್ ದೊಚೆವ್ ಕಡೆ ನೋಡಿದರು. ಬಾವುಟ ಮೇಲೇಳಲಿಲ್ಲ. ಗೋಲು ಕೊಟ್ಟರು. ಮೋಸ ಮಾಡಿದವನು ಆಟಗಾರ, ಬೈಸಿಕೊಂಡವರು ರೆಫ್ರಿ. 2015ರಲ್ಲಿ ಮರಡೋನಾ ಟುನೀಶಿಯಾಕ್ಕೆ ಹೋಗಿ ಬೆನ್ನಾಸರ್ ಅವರಿಗೆ ಸಹಿ ಮಾಡಿದ ಜೆರ್ಸಿ ಕೊಟ್ಟು ಬಂದರು. ಆ ಪಂದ್ಯದ ಚೆಂಡು ಇಷ್ಟು ವರ್ಷವೂ ಬೆನ್ನಾಸರ್ ಹತ್ತಿರವೇ ಇತ್ತು. 2022ರಲ್ಲಿ ಹರಾಜಿಗೆ ಇಟ್ಟಾಗ 20 ಲಕ್ಷ ಪೌಂಡಿಗೆ ಹೋಯಿತು. ಬೈಸಿಕೊಂಡಿದ್ದಕ್ಕೆ ಅಷ್ಟಾದರೂ ಸಿಕ್ಕಿತಲ್ಲ ಅಂತ ನನಗೆ ಖುಷಿಯೇ ಆಯಿತು.

ಪೋಷಕರು ನುಗ್ಗಿದ್ದು ಮಾತ್ರ ಶುದ್ಧ ತಪ್ಪು. ರೈಲು ಹತ್ತಿ ಬೆಂಗಳೂರಿನ ಕಂಠೀರವಕ್ಕೆ ಪಂದ್ಯ ನೋಡಲು ಹೋಗುವವರು ನಿಮ್ಮೂರಲ್ಲೂ ಇದ್ದಾರೆ. 2023ರ ಮಾರ್ಚ್ 3ರಂದು ಏನಾಯಿತು ಅಂತ ಅವರನ್ನು ಕೇಳಿ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪ್ಲೇಆಫ್, ಹೆಚ್ಚುವರಿ ಸಮಯ. ಕೇರಳ ಬ್ಲಾಸ್ಟರ್ಸ್ ಹುಡುಗರು ಚೆಂಡಿಗೆ ಅಡ್ಡಲಾಗಿ ಸಾಲು ನಿಂತು ಇನ್ನೂ ಗೋಡೆ ಕಟ್ಟುತ್ತಿದ್ದಾಗಲೇ ಬೆಂಗಳೂರು ತಂಡದ ಸುನಿಲ್ ಚೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ರೆಫ್ರಿ ಒಪ್ಪಿದರು. ಬ್ಲಾಸ್ಟರ್ಸ್ ಕೋಚ್ ಇಡೀ ತಂಡವನ್ನು ಹೊರಗೆ ಕರೆದುಕೊಂಡು ಹೋದರು. ಪಂದ್ಯ ಬೆಂಗಳೂರಿನ ಪಾಲಾಯಿತು, ಬ್ಲಾಸ್ಟರ್ಸ್ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು, ಅದರ ಕೋಚ್‌ಗೆ 10 ಪಂದ್ಯ ನಿಷೇಧ. ಆ ಗೋಲು ಸರಿಯಾ ತಪ್ಪಾ ಅಂತ ಜನ ಇವತ್ತಿಗೂ ಕಿತ್ತಾಡುತ್ತಾರೆ. ಹೊರಗೆ ಹೋಗಿದ್ದರಿಂದ ಗೋಲಂತೂ ವಾಪಸ್ ಬರಲಿಲ್ಲ.

ಈಗ ನಿಮ್ಮ ಮಗನ ವಿಷಯಕ್ಕೆ ಬರೋಣ. ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ.

ಫುಟ್‌ಬಾಲಿನ ಫೌಲ್‌ಗಳೆಲ್ಲ 12ನೇ ನಿಯಮದಲ್ಲಿವೆ. ಅಜಾಗರೂಕತೆಯಿಂದಲೋ, ಎದುರಾಳಿಯ ಕ್ಷೇಮ ಲೆಕ್ಕಿಸದೆಯೋ, ಅತಿಯಾದ ಬಲದಿಂದಲೋ ಒದ್ದರೆ ಫೌಲ್, ಒದೆಯಲು ನೋಡಿದರೂ ಫೌಲ್. ಕಾಲು ಕೊಟ್ಟು ಬೀಳಿಸಿದರೆ ಫೌಲ್, ಬೀಳಿಸಲು ನೋಡಿದರೂ ಫೌಲ್. ಹಿಡಿದು ಎಳೆಯುವುದಕ್ಕಂತೂ ಆ ಷರತ್ತುಗಳೂ ಬೇಕಿಲ್ಲ, ಎಳೆದರೆ ಮುಗಿಯಿತು. ಇದರಲ್ಲಿ ಎಲ್ಲೂ ‘ಆಟಗಾರ ಕೆಳಗೆ ಬೀಳಬೇಕು’ ಅಂತ ಇಲ್ಲ. ಫೌಲ್ ಬಾಕ್ಸ್ ಒಳಗೇ ಆದ್ದರಿಂದ ನಿಮ್ಮ ಮಗನಿಗೆ ನಿಂತಿದ್ದಂತೆಯೇ ಪೆನಾಲ್ಟಿ ಸಿಗಬೇಕಿತ್ತು. ಇನ್ನೂ ಒಂದು ಮಾತಿದೆ. ಫೌಲ್ ಆದ ತಂಡಕ್ಕೆ ಆಟ ಮುಂದುವರಿದರೇ ಲಾಭ ಅನ್ನಿಸಿದರೆ ರೆಫ್ರಿ ಆಟ ಬಿಡಬಹುದು. ಕೆಲವೇ ಸೆಕೆಂಡಿನಲ್ಲಿ ಆ ಲಾಭ ಬರದಿದ್ದರೆ ವಾಪಸ್ ಬಂದು ಮೊದಲಿನ ಫೌಲನ್ನೇ ಕೊಡಬಹುದು. ತೂರಾಡುತ್ತಾ ಹೊಡೆದ ಚೆಂಡು ಹೊರಗೆ ಹೋದಾಗ ಆಗಬೇಕಿದ್ದದ್ದು ಇದೇ.

ಆದರೆ ಆಗಲ್ಲ. ಶಾಲೆ ಮೈದಾನದಿಂದ ವಿಶ್ವಕಪ್ಪಿನವರೆಗೂ, ನಿಂತವನಿಗೆ ವಿಷಲ್ ಊದುವ ರೆಫ್ರಿ ಅಪರೂಪ. ಎಳೆದರೂ ಓಡುತ್ತಿದ್ದಾನೆ ಅಂದರೆ ಎಳೆದದ್ದು ಜಾಸ್ತಿ ಇರಲಿಕ್ಕಿಲ್ಲ ಅಂತ ಅಂದುಕೊಳ್ಳುತ್ತಾರೆ. ಆಟಗಾರರು ಇದನ್ನು ಎಂದೋ ಕಲಿತಿದ್ದಾರೆ. ನಿಮ್ಮ ಕೋಚ್ ಹೇಳಿದ್ದು ಅವರ ಸ್ವಂತ ಬುದ್ಧಿಯಲ್ಲ, ಇಡೀ ಆಟವೇ ಅವರಿಗೆ ಕಲಿಸಿದ್ದು. ಡೈವ್ ಬಗ್ಗೆ ಮಾತಾಡುವವರೆಲ್ಲ ಬಿದ್ದವನ ಗುಣ ಎಂಥದ್ದು ಅಂತ ವಿಚಾರಣೆಗೆ ಕೂರುತ್ತಾರೆ. ನಾನಾದರೆ ನಿಂತವನ ಲೆಕ್ಕ ಮೊದಲು ಕೇಳುತ್ತೇನೆ.

ಲೆಕ್ಕ ನೋಡಿ. ಒಂದು ಪಂದ್ಯದಲ್ಲಿ ಎರಡೂ ತಂಡ ಸೇರಿ ಬೀಳುವ ಗೋಲು ಸರಾಸರಿ ಎರಡೂವರೆ ಚಿಲ್ಲರೆ. ಪೆನಾಲ್ಟಿ ಸಿಕ್ಕರೆ ನಾಲ್ಕರಲ್ಲಿ ಮೂರು ಗೋಲೇ. ನಾಟಕ ಸಿಕ್ಕಿಬಿದ್ದರೆ ಒಂದು ಹಳದಿ ಕಾರ್ಡ್, ಅಂದರೆ ಬರೀ ಎಚ್ಚರಿಕೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 60 ಪಂದ್ಯಗಳ ವಿಡಿಯೊ ಕೂತು ನೋಡಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಿದ್ದವುಗಳಲ್ಲಿ ಅಪ್ಪಟ ನಾಟಕ ನೂರಕ್ಕೆ ಆರರಷ್ಟು ಮಾತ್ರ. ನಾಟಕ ಜಾಸ್ತಿ ನಡೆದದ್ದು ಎದುರಾಳಿ ಗೋಲಿನ ಹತ್ತಿರ, ಅದರಲ್ಲೂ ಸ್ಕೋರು ಸಮ ಇದ್ದಾಗ. ಅಂದರೆ ಇವರು ಸಿಟ್ಟಿಗೋ ಸುಸ್ತಿಗೋ ಬೀಳುವವರಲ್ಲ, ಲಾಭ ನೋಡಿ ಬೀಳುವವರು. ಆರು ಅನ್ನುವ ಸಂಖ್ಯೆಯೂ ನೆನಪಿರಲಿ. ಟಿವಿ ಮುಂದೆ ಕೂತು ಬಿದ್ದವರನ್ನೆಲ್ಲ ‘ನಾಟಕ’ ಅನ್ನುವ ಅಭ್ಯಾಸ ನಮಗೆಲ್ಲ ಇದೆ, ಅಲ್ವಾ?

ನಿಮ್ಮ ಪತ್ರದಲ್ಲೇ ‘ಯಾರೂ ಮುಟ್ಟಲಿಲ್ಲ, ಆದ್ದರಿಂದ ಡೈವ್’ ಅಂತ ಇದೆ. ಜೋರಾಗಿ ಬರುವ ಕಾಲನ್ನು ತಪ್ಪಿಸಲು ಹಾರಿ, ಆಯ ತಪ್ಪಿ ಬಿದ್ದವನು ಡೈವ್ ಮಾಡಿದವನಲ್ಲ. ಮೇಲೆ ಹೇಳಿದೆನಲ್ಲ, ಒದೆಯಲು ನೋಡಿದರೂ ಫೌಲ್. ಇದರ ಉಲ್ಟಾ ವಾದವೂ ಅಷ್ಟೇ ಪೊಳ್ಳು: ‘ಮುಟ್ಟಿದ್ದು ಕಾಣ್ತಿದೆ, ಆದ್ದರಿಂದ ಪೆನಾಲ್ಟಿ.’ ಫುಟ್‌ಬಾಲಿನಲ್ಲಿ ಮೈಗೆ ಮೈ ತಾಗುವುದು ಸಹಜ. ದಸರಾದಲ್ಲಿ ಅರಮನೆಯೊಳಗೆ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯ ತಲೆಯಿಂದ ರಕ್ತ ಚಿಮ್ಮಿತೋ, ಕಾಳಗ ಮುಗಿಯಿತು, ವಾದಕ್ಕೆ ಜಾಗವಿಲ್ಲ. ಫುಟ್‌ಬಾಲ್ ರೆಫ್ರಿಗೆ ಅಂಥ ಗುರುತೇ ಇಲ್ಲ. ತಾಗಿದ್ದು ಎಷ್ಟು, ಅದರಿಂದಲೇ ಬಿದ್ದನಾ ಅಂತ ಕ್ಷಣದಲ್ಲಿ ಅಳೆಯಬೇಕು.

ಕ್ಯಾಮೆರಾ ಯಾಕೆ ಇದನ್ನು ಬಗೆಹರಿಸಲಿಲ್ಲ ಅನ್ನುವುದಕ್ಕೂ ಇದೇ ಉತ್ತರ. 2010ರ ವಿಶ್ವಕಪ್ಪಿನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆ ದಾಟಿ ಒಳಗೆ ಬಿದ್ದು ಹೊರಗೆ ಪುಟಿಯಿತು. ಜಗತ್ತೆಲ್ಲ ನೋಡಿತು, ರೆಫ್ರಿ ಮತ್ತು ಲೈನ್ಸ್‌ಮನ್‌ಗೆ ಕಾಣಲಿಲ್ಲ. 2014ರ ವಿಶ್ವಕಪ್ಪಿಗೆ ಗೋಲ್ ಲೈನ್ ಟೆಕ್ನಾಲಜಿ ಬಂತು, ಆ ಜಗಳ ಮುಗಿಯಿತು. ಚೆಂಡು ಗೆರೆ ದಾಟಿತಾ ಅನ್ನುವುದಕ್ಕೆ ಹೌದು, ಇಲ್ಲ ಎರಡೇ ಉತ್ತರ. ಫೌಲ್ ಹಾಗಲ್ಲ. ಅದನ್ನು ಹತ್ತು ಸಲ ನಿಧಾನಗತಿಯಲ್ಲಿ ನೋಡಿದ ಇಬ್ಬರು ಒಳ್ಳೆಯ ರೆಫ್ರಿಗಳು ಎರಡು ಮಾತು ಹೇಳಬಹುದು.

2018ರ ವಿಶ್ವಕಪ್ಪಿಗೆ ವಿಎಆರ್ ಬಂತು, ಅಂದರೆ ವಿಡಿಯೊ ನೋಡಿ ರೆಫ್ರಿಗೆ ನೆರವಾಗುವ ವ್ಯವಸ್ಥೆ. ವಿಡಿಯೊ ನೋಡುವ ರೆಫ್ರಿಗಳು ತಲೆ ಹಾಕುವುದು ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ಕೊಟ್ಟದ್ದು, ಮುಖ್ಯವಾಗಿ ಇಂಥವುಗಳಿಗೆ. ಅದೂ ಎದ್ದು ಕಾಣುವ ತಪ್ಪಾಗಿದ್ದರೆ. ಮೈದಾನದ ಮಧ್ಯೆ ಸುಮ್ನೆ ಬಿದ್ದು ಹೊರಳಾಡುವವನು ಅವರ ಲೆಕ್ಕಕ್ಕೇ ಇಲ್ಲ. ಆ ವಿಶ್ವಕಪ್ಪಿನಲ್ಲೇ ಕೋಸ್ಟರಿಕ ವಿರುದ್ಧ ನೇಮಾರ್ ಬೆನ್ನು ಬಾಗಿಸಿ ಬಿದ್ದರು. ರೆಫ್ರಿ ಪೆನಾಲ್ಟಿ ಕೊಟ್ಟರು, ವಿಡಿಯೊ ನೋಡಿ ವಾಪಸ್ ತೆಗೆದುಕೊಂಡರು. ಬಿದ್ದದ್ದಕ್ಕೆ ನೇಮಾರ್‌ಗೆ ಹಳದಿ ಕಾರ್ಡ್ ಸಿಗಲಿಲ್ಲ. ಸಿಕ್ಕರೆ ಪೆನಾಲ್ಟಿ, ಸಿಗದಿದ್ದರೆ ನಷ್ಟವಿಲ್ಲ ಅನ್ನುವ ವ್ಯಾಪಾರವನ್ನು ಯಾರು ಬಿಡುತ್ತಾರೆ?

ಹಾಗಂತ ವಿಎಆರ್ ಬೇಡ ಅನ್ನುವವನು ನಾನಲ್ಲ. 2024ರ ಜೂನ್ 11ರ ರಾತ್ರಿ ನೆನಪಿದೆಯಾ? ವಿಶ್ವಕಪ್ ಅರ್ಹತಾ ಸುತ್ತು, ದೋಹಾ, ಕತಾರ್ ವಿರುದ್ಧ ಪಂದ್ಯ. ಚಾಂಗ್ಟೆ ಗೋಲಿನಿಂದ ಭಾರತ ಮುಂದಿತ್ತು. 73ನೇ ನಿಮಿಷದಲ್ಲಿ ಚೆಂಡು ಗೆರೆ ದಾಟಿ ಹೊರಗೆ ಹೋಗಿತ್ತು. ಕತಾರ್ ಆಟಗಾರ ಅದನ್ನು ಒಳಗೆ ಎಳೆದುಕೊಂಡ, ಇನ್ನೊಬ್ಬ ಗೋಲಿಗೆ ಹೊಡೆದ. ನಮ್ಮವರು ಆಟ ನಿಂತಿತು ಅಂದುಕೊಂಡು ನಿಂತಿದ್ದರು. ಗೋಲು ಕೊಟ್ಟರು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. 2–1ರಲ್ಲಿ ಸೋತು ಮನೆಗೆ ಬಂದೆವು. ಚೆಟ್ರಿ ಆಗಷ್ಟೇ ಭಾರತ ತಂಡದಿಂದ ನಿವೃತ್ತರಾಗಿ ಒಂದು ವಾರವೂ ಆಗಿರಲಿಲ್ಲ. ಅಂಥ ತಪ್ಪನ್ನು ಒಂದು ಸಾಧಾರಣ ಕ್ಯಾಮೆರಾ ಸರಿಮಾಡುತ್ತಿತ್ತು.

ಡೈವ್ ಮಾಡಿದವನಿಗೆ ಕೆಂಪು ಕಾರ್ಡೇ ಕೊಡಬೇಕು ಅಂತ ಬರೆದಿದ್ದೀರಿ. ಒಪ್ಪಲ್ಲ. 2002ರ ವಿಶ್ವಕಪ್ಪಿನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಇಟಲಿಯ ಟೊಟ್ಟಿ ಹೆಚ್ಚುವರಿ ಸಮಯದಲ್ಲಿ ಬಾಕ್ಸ್ ಒಳಗೆ ಬಿದ್ದರು. ಈಕ್ವೆಡಾರಿನ ರೆಫ್ರಿ ಬೈರನ್ ಮೊರೆನೊ ಡೈವ್ ಅಂತ ತೀರ್ಮಾನಿಸಿ ಎರಡನೇ ಹಳದಿ ತೋರಿಸಿದರು. ಟೊಟ್ಟಿ ಹೊರಗೆ, ಆಮೇಲೆ ಇಟಲಿಯೂ ಹೊರಗೆ. ಇಟಲಿಯವರು ಅದನ್ನು ಇನ್ನೂ ಜೀರ್ಣಿಸಿಕೊಂಡಿಲ್ಲ. ಶಿಕ್ಷೆ ದೊಡ್ಡದಾದಷ್ಟೂ ತಪ್ಪು ತೀರ್ಪಿನ ಏಟೂ ದೊಡ್ಡದು. ಅದೇ ವಿಶ್ವಕಪ್ಪಿನಲ್ಲಿ ತೊಡೆಗೆ ಚೆಂಡು ಬಡಿದರೆ ಮುಖ ಹಿಡಿದುಕೊಂಡು ಬಿದ್ದ ಬ್ರೆಜಿಲ್‌ನ ರಿವಾಲ್ಡೊಗೆ ಆಮೇಲೆ ದಂಡ ಹಾಕಿದರು. ಚೆಂಡು ಒದ್ದ ಟರ್ಕಿಯವನು ಅಷ್ಟರಲ್ಲಿ ಕಾರ್ಡ್ ತಿಂದು ಹೊರಗೆ ಹೋಗಿಯಾಗಿತ್ತು. ಬ್ರೆಜಿಲ್ ಕಪ್ಪೇ ಗೆದ್ದಿತು. ಪಂದ್ಯ ಮುಗಿದ ಮೇಲೆ ವಿಡಿಯೊ ನೋಡಿ ಆಟಗಾರನನ್ನು ಕೂರಿಸುವ ಪದ್ಧತಿ ಇದಕ್ಕಿಂತ ವಾಸಿ. ಇಂಗ್ಲೆಂಡಿನಲ್ಲಿ 2017ರಿಂದ ಹಾಗೆ ಮಾಡಿದರು. ಎವರ್ಟನ್‌ನ ನಿಯಾಸ್ ಎರಡು ಪಂದ್ಯ ಹೊರಗೆ ಕೂತರು.

ಇನ್ನು ಮಗನಿಗೆ ಏನು ಹೇಳುವುದು. ಪ್ರಾಮಾಣಿಕರ ಕತೆ ಬೇಕಾದಷ್ಟಿವೆ. 1997ರಲ್ಲಿ ಲಿವರ್‌ಪೂಲ್‌ನ ಫೌಲರ್ ತಾನೇ ಎದ್ದು ‘ಗೋಲ್‌ಕೀಪರ್ ನನ್ನನ್ನು ಮುಟ್ಟಿಲ್ಲ’ ಅಂತ ಸನ್ನೆ ಮಾಡಿದರು. ರೆಫ್ರಿ ಕೇಳಲಿಲ್ಲ, ಪೆನಾಲ್ಟಿ ಕೊಟ್ಟೇ ಬಿಟ್ಟರು. 2012ರಲ್ಲಿ ಲಾಜಿಯೊದ ಕ್ಲೋಸೆ ‘ಚೆಂಡು ನನ್ನ ಕೈಗೆ ತಾಗಿತು’ ಅಂತ ಹೇಳಿ ತಮ್ಮ ಗೋಲನ್ನೇ ರದ್ದು ಮಾಡಿಸಿದರು. ಅಷ್ಟು ದೂರ ಯಾಕೆ, ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ 1980ರ ಮುಂಬೈ ಟೆಸ್ಟಿನಲ್ಲಿ, ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್‌ರನ್ನು ವಾಪಸ್ ಕರೆದರು. ಟೇಲರ್ ಬೋಥಮ್ ಜೊತೆ ನಿಂತು ಆಡಿದರು, ಇಂಗ್ಲೆಂಡ್ 10 ವಿಕೆಟ್ಟಿನಿಂದ ಗೆದ್ದಿತು. ಮಗನಿಗೆ ಈ ಕತೆಗಳನ್ನು ಹೇಳಿ, ಆದರೆ ಹದಿನಾಲ್ಕು ವರ್ಷದ ಹುಡುಗನ ತಲೆ ಮೇಲೆ ಹೊರಿಸಬೇಡಿ. ಯಾರೂ ಏನೂ ಮಾಡದೆ ಬೀಳಬೇಡ, ಅಷ್ಟು ಸಾಕು. ಒದೆ ಬಿದ್ದಾಗ ಕಷ್ಟಪಟ್ಟು ನಿಂತಿರಲೇಬೇಕು ಅಂತಲೂ ಇಲ್ಲ. ಪಾದ ನೆಲದಲ್ಲಿ ಗಟ್ಟಿಯಾಗಿ ಊರಿರುವಾಗ ಏಟು ಬಿದ್ದರೆ ಮೊಣಕಾಲು ಹೋಗುತ್ತದೆ. ಅಂಥ ಹೊತ್ತಿನಲ್ಲಿ ಬೀಳುವುದೇ ಜಾಣತನ.

ಉಳಿದ ಕೆಲಸ ದೊಡ್ಡವರದ್ದು. ಮುಂದಿನ ಟೂರ್ನಿಗೆ ಮುಂಚೆ ನಾಲ್ಕು ಪೋಷಕರು ಸೇರಿ ಆಯೋಜಕರ ಹತ್ತಿರ ಹೋಗಿ. ಬಾವುಟ ಹಿಡಿಯಲು ಆಟಗಾರರಲ್ಲದ ಇಬ್ಬರನ್ನು ಕೇಳಿ. ಖರ್ಚು ನೀವೇ ಹಂಚಿಕೊಳ್ಳಿ, ಅದೇನು ಮಹಾ ಆಗಲ್ಲ. ರೆಫ್ರಿಯನ್ನೂ ಕೋಚ್‌ಗಳನ್ನೂ ಒಟ್ಟಿಗೆ ಕೂರಿಸಿ, ‘ನಿಂತವನಿಗೂ ಫೌಲ್ ಕೊಡ್ತೀವಿ’ ಅಂತ ರೆಫ್ರಿ ಬಾಯಲ್ಲೇ ಎಲ್ಲರ ಮುಂದೆ ಹೇಳಿಸಿ. 2024ರ ಯೂರೋ ಕಪ್ಪಿನಲ್ಲಿ ತೀರ್ಪು ಕೇಳಲು ರೆಫ್ರಿ ಹತ್ತಿರ ಹೋಗುವ ಅವಕಾಶ ನಾಯಕನಿಗೆ ಮಾತ್ರ ಇತ್ತು. ಅದನ್ನೂ ತನ್ನಿ, ಪೋಷಕರು ರೆಫ್ರಿ ಹತ್ತಿರ ಹೋಗಬಾರದು ಅಂತಲೂ ಸೇರಿಸಿ. ‘ಸರ್, ಏಳನೇ ನಂಬರಿನವನು ಅಂಗಿ ಎಳೀತಿದ್ದಾನೆ, ನಮ್ಮ ಹುಡುಗ ಬೀಳಲ್ಲ, ಸ್ವಲ್ಪ ನೋಡಿ’ ಅಂತ ನಾಯಕ ಹಾಫ್ ಟೈಮಿನಲ್ಲಿ ಮೆಲ್ಲಗೆ ಹೇಳಿದರೆ ಒಳ್ಳೆಯ ರೆಫ್ರಿ ಕಣ್ಣಿಡುತ್ತಾರೆ.

ಕೋಚ್ ಜೊತೆ ನೀವೇ ಮಾತಾಡಿ, ಮಗನನ್ನು ಮಧ್ಯೆ ತರಬೇಡಿ. ಬೀಳಲಿಲ್ಲ ಅನ್ನುವ ಕಾರಣಕ್ಕೆ ಹುಡುಗನನ್ನು ಆಡಿಸದೆ ಬೆಂಚಿನ ಮೇಲೆ ಕೂರಿಸಿದರೆ ನಮಗೆ ಇನ್ನೊಂದು ಪತ್ರ ಬರೆಯಿರಿ.