‘ತುರಾಯಿ’ ತುರುಬಿನಿಂದ ಬಂದದ್ದೇ?

ಪ್ರಶ್ನೆ: ಮದುಮಗನ ಪೇಟಕ್ಕೆ ಸಿಕ್ಕಿಸುವ ತುರಾಯಿಯ ಹೆಸರು ‘ತುರುಬು’ ಎಂಬ ಪದದಿಂದ ಹುಟ್ಟಿದ್ದೆಂದು ನಮ್ಮ ಮನೆಯ ಹಿರಿಯರೊಬ್ಬರು ಹೇಳುತ್ತಾರೆ. ಇದು ಸರಿಯೇ? ತುರಾಯಿಗೂ ಕಲಗಿಗೂ ಏನು ವ್ಯತ್ಯಾಸ?

ಉತ್ತರ: ಊಹೆ ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ. ‘ತುರುಬು’ ಅಚ್ಚಗನ್ನಡದ ಪದ. ಹಳಗನ್ನಡದಲ್ಲಿ ಶಕಟರೇಫದೊಡನೆ, ಎಂದರೆ ಈಗ ಬಳಕೆ ತಪ್ಪಿರುವ ‘ಱ’ ಅಕ್ಷರದೊಡನೆ, ‘ತುಱುಬು’, ‘ತುಱುಂಬು’ ಎಂದಿದ್ದ ಅದು, ಒತ್ತಾಗು, ಕಿಕ್ಕಿರಿ ಎಂಬ ಅರ್ಥದ ‘ತುಱುಗು’ವಿನ ಬಳಗಕ್ಕೆ ಸೇರಿದ್ದು. ‘ತುರಾಯಿ’ಯಾದರೋ ಅರಬ್ಬಿಯ ‘ತುರ್ರ’ದಿಂದ ಹೊರಟು, ಪಾರಸಿ, ಹಿಂದುಸ್ತಾನಿಗಳನ್ನು ಹಾದು ಬಂದ ಪದ. ಕತ್ತರಿಸು ಎಂಬ ಅರ್ಥದ ಧಾತುವಿನಿಂದಾದ ಈ ಅರಬ್ಬಿ ಪದಕ್ಕೆ, ಹಣೆಯ ಮೇಲೆ ಕತ್ತರಿಸಿ ಬಿಟ್ಟ ಮುಂಗೂದಲು ಎಂದೂ ಬಟ್ಟೆಯ ಅಂಚು ಎಂದೂ ಅರ್ಥವಿದೆ. ಪಾರಸಿ ಕವಿಗಳಿಗೆ ಅದು ನಲ್ಲೆಯ ಮುಂಗುರುಳು. ಮುಂಗೂದಲು, ಅಂಚು ಎಂಬ ಎರಡು ಅರ್ಥಗಳೂ ಕೂಡುವ ತಾಣವೇ ಪೇಟದ ಅಂಚಿನಿಂದ ಹಣೆಯತ್ತ ಇಳಿಬಿಡುವ ಕುಚ್ಚು. ಹೀಗೆ ನೋಡಿದರೆ ನಿಮ್ಮ ಹಿರಿಯರು ಕಂಡ ಕೂದಲಿನ ನಂಟು ಇದ್ದೇ ಇದೆ; ಕೂದಲು ಮಾತ್ರ ಬೇರೆ ತಲೆಯದು.

ಮರಾಠಿಯಲ್ಲಿ ಒತ್ತಕ್ಷರ ಸಡಿಲಗೊಂಡು ಈ ಪದ ‘ತುರಾ’ ಆಯಿತು. ಅಲ್ಲಿ ಕೋಳಿಯ ಜುಟ್ಟೂ ತುರಾ, ಕಬ್ಬಿನ ತುದಿಯ ಹೂಗೊಂಚಲೂ ತುರಾ. ಕನ್ನಡದಲ್ಲಿ ಗುಲ್‌ಮೊಹರ್ ಮರಕ್ಕೆ ‘ಕೆಂಪು ತುರಾಯಿ’ ಎಂಬ ಹೆಸರುಂಟು. ಆ ಹೂವನ್ನು ಕೈಯಲ್ಲಿ ಹಿಡಿದು ನೋಡಿ: ಐದು ಎಸಳುಗಳಲ್ಲಿ ನಾಲ್ಕು ಕೆಂಪಗೆ ಹರಡಿಕೊಂಡಿದ್ದರೆ, ಐದನೆಯದು ತುಸು ದೊಡ್ಡದಾಗಿ, ಬಿಳಿ-ಹಳದಿ ಮಚ್ಚೆಗಳನ್ನು ಹೊತ್ತು ನೆಟ್ಟಗೆ ನಿಂತಿರುತ್ತದೆ. ಇದಕ್ಕಿಂತ ಒಪ್ಪುವ ಹೆಸರು ನನಗಂತೂ ತೋಚದು.

‘ಕಲಗಿ’ಯೂ ಪಾರಸಿಯ ಮೂಲಕವೇ ಬಂದ ಪದ. ಅದು ಮುಖ್ಯವಾಗಿ ಹಕ್ಕಿಯ ಗರಿ ಅಥವಾ ಗರಿಯಾಕಾರದ ರತ್ನದೊಡವೆ. ತುರಾಯಿ ಮುತ್ತು, ಜರಿ ಇಲ್ಲವೇ ಹೂವಿನ ಕುಚ್ಚು. ಬಳಕೆಯಲ್ಲಿ ಇವೆರಡೂ ಎಷ್ಟೋ ವೇಳೆ ಕಲೆಸಿಹೋಗುತ್ತವೆ, ಅದನ್ನು ತಪ್ಪೆನ್ನಲಾಗದು. ಆದರೆ ಉತ್ತರ ಕರ್ನಾಟಕದ ಲಾವಣಿಕಾರರ ಮುಂದೆ ಇವನ್ನು ಅದಲುಬದಲು ಮಾಡುವಂತಿಲ್ಲ: ಶಿವನೇ ಹೆಚ್ಚೆಂದು ವಾದಿಸುವ ಹರದೇಶಿ ಪಂಗಡದವರ ಗುರುತು ತುರಾಯಿ, ಶಕ್ತಿಯೇ ಹೆಚ್ಚೆನ್ನುವ ನಾಗೇಶಿ ಪಂಗಡದವರದು ಕಲಗಿ.