ಹಗುರ ವಿದ್ಯುತ್ ಗ್ಲೈಡರ್‌ಗಳ ಮಾರುಕಟ್ಟೆ ಏಕೆ ಇಷ್ಟು ಚಿಕ್ಕದು?

ಬ್ಯಾಟರಿಯ ಬಲದಿಂದ ತಾನಾಗಿಯೇ ಮೇಲೇರುವ ಸ್ಪರ್ಧಾ ಗ್ಲೈಡರ್‌ಗಳನ್ನು ತಯಾರಿಸುವವರು ಏಕೆ ಬೆರಳೆಣಿಕೆಯಷ್ಟೇ ಎಂದು ಚಿಕ್ಕಬಳ್ಳಾಪುರದಿಂದ ಒಬ್ಬರು ಕೇಳಿದ್ದಾರೆ.

ಗ್ಲೈಡರ್ ಎಂದರೆ ಮೇಲೇರುವ ಬಿಸಿಗಾಳಿಯ ಬಲದಿಂದ ತೇಲುವ ಹಗುರ ವಿಮಾನ; ಸಾಮಾನ್ಯವಾಗಿ ಅದನ್ನು ಇನ್ನೊಂದು ವಿಮಾನ ಮೇಲಕ್ಕೆ ಎಳೆದೊಯ್ಯುತ್ತದೆ. ತಯಾರಕರು ಕಡಿಮೆ ಇರಲು ಕಾರಣ ಶಕ್ತಿಯ ಕೊರತೆಯಲ್ಲ. 300 ಕಿಲೋ ತೂಕದ ಗ್ಲೈಡರನ್ನು ನಮ್ಮ ಬಯಲಿನಿಂದ ನಂದಿಬೆಟ್ಟದ ನೆತ್ತಿಯ ಮಟ್ಟಕ್ಕೆ, ಅಂದರೆ ಸುಮಾರು 550 ಮೀಟರ್ ಎತ್ತಲು ಲೆಕ್ಕದಂತೆ ಅರ್ಧ ಯೂನಿಟ್ ವಿದ್ಯುತ್ತೂ ಬೇಡ. ಮೋಟಾರು ಮತ್ತು ಪ್ರೊಪೆಲ್ಲರಿನ ನಷ್ಟ ಸೇರಿದರೂ ಒಂದು ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಯುತ್ತದೆ. ತೊಡಕಿರುವುದು ತೂಕದಲ್ಲಿ. ವೇಗಕ್ಕಾಗಿ ರೆಕ್ಕೆಯೊಳಗೆ ತುಂಬುವ ನೀರಿನ ಭಾರವನ್ನು ಆಕಾಶದಲ್ಲೇ ಸುರಿದುಬಿಡಬಹುದು, ಆದರೆ ಬ್ಯಾಟರಿ ಕೊನೆಯವರೆಗೂ ಜೊತೆಗಿರುತ್ತದೆ. ಬಿಸಿಗಾಳಿ ದುರ್ಬಲವಾದ ದಿನ 13.5 ಮೀಟರ್ ರೆಕ್ಕೆಯ ಪುಟ್ಟ ವಿಮಾನಕ್ಕೆ ಅದು ನಿಜವಾದ ಹೊರೆ.

ಇಟಲಿಯ ಸೈಲೆಂಟ್ 2 ಎಲೆಕ್ಟ್ರೋ, ಲಿಥುವೇನಿಯಾದ ಮಿನಿ ಲ್ಯಾಕ್, ಪೋಲೆಂಡಿನ ಜಿಪಿ 15 ಇವೆಲ್ಲ ಈ ದಾರಿಯವು. ಇಂತಹವುಗಳ ನಾರು ಮತ್ತು ರಾಳ ಸೇರಿಸಿದ ದೇಹವನ್ನು ಅಚ್ಚಿನಲ್ಲಿ ಬಹುಪಾಲು ಕೈಯಿಂದಲೇ ಕಟ್ಟುವುದರಿಂದ ಬೆಲೆ ಇಳಿಯುವುದು ಕಷ್ಟ. ಸಾಮಾನ್ಯ ಸ್ಪರ್ಧೆಗಳಲ್ಲಿ ನಡುವೆ ಮೋಟಾರು ಚಾಲೂ ಮಾಡಿದರೆ ಆ ದಿನದ ಓಟ ಅಲ್ಲಿಗೇ ನಿಂತಂತೆ ಎಣಿಸಲಾಗುತ್ತದೆ. ಆದ್ದರಿಂದ ಕೊಳ್ಳುವವರು ಹಣ ಕೊಡುವುದು ವೇಗಕ್ಕಲ್ಲ, ಎಳೆಯುವ ವಿಮಾನದ ಹಂಗಿಲ್ಲದೆ ಏರುವ ಮತ್ತು ಹೊಲದಲ್ಲಿ ಇಳಿಯದೆ ಮರಳುವ ಸ್ವಾತಂತ್ರ್ಯಕ್ಕೆ. ಎಳೆಯುವ ವಿಮಾನವೇ ಇಲ್ಲದ ನಮ್ಮಂಥ ಸೀಮೆಗೆ ಆ ಸ್ವಾತಂತ್ರ್ಯವೇ ಹೆಚ್ಚು ಬೆಲೆಯುಳ್ಳದ್ದೆಂದು ನಾನು ಭಾವಿಸುತ್ತೇನೆ.